ದಾರ ಕಡಿಯದ ದಾರಿ

ಮೇಲೊಂದು ಬಟ್ಟೆ, ನಡುವೆ ಹತ್ತಿಯ ತೆಳುಹಾಸು, ಕೆಳಗೊಂದು ಅಸ್ತರು ಎಂಬ ಮೂರು ಪದರಗಳನ್ನು ಒಂದಾಗಿ ಹಿಡಿದಿಡುವ ಹೊಲಿಗೆಗೆ ಕ್ವಿಲ್ಟಿಂಗ್ ಎಂದೂ ಹಾಗೆ ಸಿದ್ಧವಾದ ಹೊದಿಕೆಗೆ ಕ್ವಿಲ್ಟ್ ಎಂದೂ ಹೆಸರು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿಯುವ ಉತ್ತರ ಕರ್ನಾಟಕದ ಕೌದಿಯೂ ಇದೇ ಕುಲಕ್ಕೆ ಸೇರಿದ್ದು. ಈ ಹೊಲಿಗೆಯನ್ನು ಯಂತ್ರದಲ್ಲೇ ಮಾಡುತ್ತ, ಬಟ್ಟೆಯನ್ನು ಮಾತ್ರ ಯಂತ್ರದ ಎಳೆತಕ್ಕೆ ಬಿಡದೆ ಎರಡೂ ಕೈಗಳಿಂದ ಬೇಕಾದ ದಿಕ್ಕಿಗೆ ನಡೆಸುವ ವಿಧಾನವು ಫ್ರೀ ಮೋಷನ್ ಕ್ವಿಲ್ಟಿಂಗ್ ಎನಿಸಿಕೊಂಡಿದೆ. ಅಮೆರಿಕದಲ್ಲಿ ಬೆಳೆದು ನಿಂತ ಈ ವಿಧಾನದ ಇತಿಹಾಸವನ್ನು ಹಿಂಬಾಲಿಸಿದರೆ, ವಿನ್ಯಾಸದ ಆಕಾರಕ್ಕಿಂತ ಅದನ್ನು ಹೊಲಿಯುವ ದಾರಿಯೇ ಕಲಿಕೆಯ ತಿರುಳಾದದ್ದು ಹೇಗೆಂಬುದು ಸ್ಪಷ್ಟವಾಗುತ್ತದೆ.

ಎಲಿಯಾಸ್ ಹೌ 1846ರಲ್ಲಿ ಪೇಟೆಂಟ್ ಪಡೆದ ಯಂತ್ರವು ಮೇಲಿನ ಸೂಜಿಯ ದಾರವನ್ನೂ ಕೆಳಗಿನ ದಾರವನ್ನೂ ಪದರಗಳ ನಡುವೆ ಹೆಣೆದು ಹೊಲಿಗೆ ಹಾಕುತ್ತಿತ್ತು. 1851ರಲ್ಲಿ ಐಸಾಕ್ ಸಿಂಗರ್ ತಮ್ಮ ಸುಧಾರಿತ ಯಂತ್ರಕ್ಕೆ ಪೇಟೆಂಟ್ ಪಡೆದರು. ಆದರೆ ಈ ಕಥೆಗೆ ಹೆಚ್ಚು ಮುಖ್ಯವಾದದ್ದು ಆಲನ್ ವಿಲ್ಸನ್ 1854ರಲ್ಲಿ ಪೇಟೆಂಟ್ ಪಡೆದ ಸಣ್ಣ ಭಾಗ. ಸೂಜಿಯ ಕೆಳಗಿನ ಲೋಹದ ಹಲ್ಲುಗಳು ಮೇಲೆದ್ದು, ಬಟ್ಟೆಯನ್ನು ಮುಂದಕ್ಕೆ ತಳ್ಳಿ, ಕೆಳಗಿಳಿದು, ಮತ್ತೆ ಮೊದಲ ಜಾಗಕ್ಕೆ ಮರಳುವ ಆ ನಾಲ್ಕು ಹಂತಗಳ ಚಲನೆಯಿಂದಾಗಿ ಹೊಲಿಗೆಗಳೆಲ್ಲ ಒಂದೇ ಅಳತೆಗೆ ಬಂದವು. ಹೊಲಿಗೆ ನೇರವಾಗಿ ಸಾಗಬೇಕಾದಲ್ಲಿ ಇದು ದೊಡ್ಡ ಅನುಕೂಲವಾಯಿತು. ಬಳ್ಳಿ, ಗರಿ, ಸುರುಳಿಗಳನ್ನು ಹೊಲಿಯಬೇಕಾದಲ್ಲಿ ಮಾತ್ರ ಪ್ರತಿ ತಿರುವಿಗೂ ಇಡೀ ಹೊದಿಕೆಯನ್ನೇ ತಿರುಗಿಸಬೇಕಾಗಿ ಬಂದು, ಅದೇ ಅನುಕೂಲವು ಅಡ್ಡಿಯಾಯಿತು.

ಈ ಅಡ್ಡಿಗೆ ಪರಿಹಾರವು ಹರಿದ ಬಟ್ಟೆಗೆ ರಫು ಹಾಕುವ ಮತ್ತು ಯಂತ್ರದಲ್ಲಿ ಎಂಬ್ರಾಯಿಡರಿ ಮಾಡುವ ಕೆಲಸಗಳಲ್ಲಿ ಆಗಲೇ ರೂಢಿಗೆ ಬಂದಿತ್ತು. ಹಲ್ಲುಗಳನ್ನು ಕೆಳಗಿಳಿಸಿದರೆ ಅಥವಾ ಅವುಗಳ ಮೇಲೊಂದು ತಗಡು ಮುಚ್ಚಿದರೆ ಬಟ್ಟೆ ಎಲ್ಲ ದಿಕ್ಕಿಗೂ ಸರಾಗವಾಗಿ ಸರಿಯುತ್ತದೆ. 20ನೆಯ ಶತಮಾನದ ಆರಂಭದಲ್ಲೇ ಸಿಂಗರ್ ಕಂಪನಿಯು ಇಂತಹ ಎಂಬ್ರಾಯಿಡರಿಗೆಂದು ಕೈಪಿಡಿಯನ್ನು ಪ್ರಕಟಿಸಿತ್ತು. ರಿಂಗಿಗೆ ಬಿಗಿದ ಬಟ್ಟೆಯನ್ನು ಸೂಜಿಯ ಕೆಳಗೆ ಆಡಿಸುತ್ತ ರವಿಕೆಯ ಮೇಲೆ ಹೂಬಳ್ಳಿ ಮೂಡಿಸುವ ಕರ್ನಾಟಕದ ಟೈಲರುಗಳು ಬಳಸುವುದೂ ಇದೇ ತತ್ತ್ವವನ್ನೇ. ಹಲ್ಲುಗಳು ಸುಮ್ಮನಾದ ಮೇಲೆ ಹೊಲಿಗೆಯ ಉದ್ದವನ್ನು ನಿರ್ಧರಿಸುವ ಹೊಣೆ ಪೂರ್ತಿಯಾಗಿ ಹೊಲಿಯುವವರದಾಗುತ್ತದೆ: ಸೂಜಿಯ ವೇಗಕ್ಕಿಂತ ಕೈ ಮುಂದೋಡಿದರೆ ಹೊಲಿಗೆ ಉದ್ದವಾಗುತ್ತದೆ, ಕೈ ಹಿಂದುಳಿದರೆ ಹೊಲಿಗೆಗಳು ಒಂದರ ಮೇಲೊಂದು ಒತ್ತರಿಸಿಕೊಳ್ಳುತ್ತವೆ.

ತಂತ್ರ ಕೈಗೆಟುಕಿದ್ದರೂ ಯಂತ್ರದ ಹೊಲಿಗೆಗೆ ಕ್ವಿಲ್ಟಿನ ಲೋಕದಲ್ಲಿ ಗೌರವ ದೊರೆಯಲು ಬಹಳ ಕಾಲ ಹಿಡಿಯಿತು. ನೆಬ್ರಾಸ್ಕಾದ ರೈತ ಅರ್ನೆಸ್ಟ್ ಹೈಟ್, ದಾರ ಕಡಿಯದಂತೆ ಓರೆಗೆರೆಗಳಲ್ಲಿ ಇಡೀ ಕ್ವಿಲ್ಟನ್ನು ಯಂತ್ರದಲ್ಲಿ ಹೊಲಿಯುವ ಕ್ರಮವನ್ನು ರೂಪಿಸಿ, 1974ರಲ್ಲಿ ಅದನ್ನೊಂದು ಕಿರುಪುಸ್ತಕವಾಗಿಸಿದರು. ಮುಂದೆ ಹ್ಯಾರಿಯೆಟ್ ಹಾರ್ಗ್ರೇವ್ ತಮ್ಮ ‘ಏರ್‌ಲೂಮ್ ಮಷೀನ್ ಕ್ವಿಲ್ಟಿಂಗ್’ ಪುಸ್ತಕದಲ್ಲಿ ಕೈಹೊಲಿಗೆಯ ಸೊಬಗನ್ನು ಮನೆಯ ಯಂತ್ರದಲ್ಲೇ ತರುವ ಬಗೆಯನ್ನು ಹಂತಹಂತವಾಗಿ ಕಲಿಸಿದರು. 1989ರಲ್ಲಿ ಕೆಂಟುಕಿಯ ಪಡೂಕಾದಲ್ಲಿ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿ ನಡೆಸಿದ ಪ್ರದರ್ಶನದಲ್ಲಿ ಕ್ಯಾರಲ್ ಬ್ರೈಯರ್ ಫಾಲರ್ಟ್ ಅವರ ‘ಕರೋನಾ 2: ದ ಸೋಲಾರ್ ಎಕ್ಲಿಪ್ಸ್’ ಅತ್ಯುನ್ನತ ಬಹುಮಾನ ಪಡೆದು, ಯಂತ್ರದಲ್ಲಿ ಹೊಲಿದ ಕ್ವಿಲ್ಟಿಗೆ ಅಲ್ಲಿ ಆ ಗೌರವ ಮೊದಲ ಬಾರಿಗೆ ಸಂದಿತು.

ಕೈಯಿಂದ ಯಂತ್ರಕ್ಕೆ ದಾಟುವಾಗ ವಿನ್ಯಾಸಗಳೂ ರೂಪ ಬದಲಿಸಿಕೊಂಡವು ಎಂಬುದು ಈ ಇತಿಹಾಸದ ಅತ್ಯಂತ ಸ್ವಾರಸ್ಯದ ಭಾಗ. ಸ್ಟಿಪ್ಲಿಂಗ್ ಎಂದರೆ ಮುಖ್ಯ ಚಿತ್ರದ ಸುತ್ತಲಿನ ಹಿನ್ನೆಲೆಯನ್ನು ಒತ್ತೊತ್ತಾದ ಹೊಲಿಗೆಗಳಿಂದ ತಗ್ಗಿಸಿ, ಚಿತ್ರವು ಉಬ್ಬಿ ಕಾಣುವಂತೆ ಮಾಡುವುದು. ಹಳೆಯ ಬಿಳಿ ಕ್ವಿಲ್ಟುಗಳಲ್ಲಿ ಅದನ್ನು ಚುಕ್ಕಿಗಳಂತೆ ಕಾಣುವ ಪುಟ್ಟ ಕೈಹೊಲಿಗೆಗಳ ಸಾಲುಗಳಿಂದ ಸಾಧಿಸುತ್ತಿದ್ದರು. ಯಂತ್ರದಲ್ಲಿ ಅದೇ ಹೆಸರು ತನ್ನನ್ನು ತಾನು ಎಲ್ಲಿಯೂ ದಾಟದೆ ಹೊಳೆಯಂತೆ ಬಳಸಿ ಬಳಸಿ ಸಾಗುವ ಒಂದೇ ಗೆರೆಗೆ ಸಂದಿತು. ಗರಿಯ ವಿನ್ಯಾಸದ್ದೂ ಹೀಗೆಯೇ. ಕೈಯಿಂದ ಹೊಲಿಯುವವರು ಒಂದು ಎಸಳು ಮುಗಿದ ಮೇಲೆ ಸೂಜಿಯನ್ನು ಪದರಗಳ ಒಳಗೇ ತೂರಿಸಿ, ಮೇಲೆ ಗುರುತು ಕಾಣದಂತೆ ಮುಂದಿನ ಎಸಳಿಗೆ ದಾಟಬಲ್ಲರು. ಯಂತ್ರದ ಸೂಜಿಗೆ ಆ ಗುಪ್ತಮಾರ್ಗವಿಲ್ಲದ ಕಾರಣ, ಹೊಲಿದ ಗೆರೆಯ ಮೇಲೆಯೇ ಕರಾರುವಾಕ್ಕಾಗಿ ಮರಳಿ ನಡುದಂಟನ್ನು ಸೇರಿ, ಅಲ್ಲಿಂದ ಹೊಸ ಎಸಳನ್ನು ಆರಂಭಿಸಬೇಕಾಗುತ್ತದೆ.

ಧಾರವಾಡ ಸೀಮೆಯ ಕಸೂತಿಯನ್ನು ಬಲ್ಲವರಿಗೆ ಈ ಲೆಕ್ಕಾಚಾರ ಅಪರಿಚಿತವಲ್ಲ. ಅಲ್ಲಿನ ಗವಂತಿ ಹೊಲಿಗೆಯು ಹೋಗುವಾಗ ಬಿಟ್ಟ ತೆರಪುಗಳನ್ನು ಮರಳುವಾಗ ತುಂಬುತ್ತ, ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ರೂಪವನ್ನು ಮೂಡಿಸುವುದರಿಂದ, ಗೋಪುರವಾಗಲಿ ತೇರಾಗಲಿ ಯಾವ ಕವಲನ್ನು ಮೊದಲು ಹೊಕ್ಕು ಯಾವುದರಿಂದ ಹಿಂದಿರುಗಬೇಕೆಂಬುದನ್ನು ಸೂಜಿ ಚುಚ್ಚುವ ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿರಬೇಕಾಗುತ್ತದೆ.

ದಾರಿಯನ್ನು ಹೀಗೆ ಮೊದಲೇ ನಿಶ್ಚಯಿಸಿಕೊಳ್ಳಬೇಕಾದ್ದರಿಂದಲೇ ಫ್ರೀ ಮೋಷನ್ ವಿನ್ಯಾಸದ ಕಲಿಕೆಯು ಯಂತ್ರದ ಬದಲು ಕಾಗದ, ಪೆನ್ಸಿಲುಗಳಿಂದ ಆರಂಭವಾಗುತ್ತದೆ. ಪೆನ್ಸಿಲನ್ನು ಎತ್ತದೆ ವಿನ್ಯಾಸವನ್ನು ಮತ್ತೆ ಮತ್ತೆ ಬರೆದಾಗ ಯಾವ ತಿರುವಿನಲ್ಲಿ ಗೆರೆ ಸಿಕ್ಕಿಬೀಳುತ್ತದೆ, ಎಲ್ಲಿಂದ ಹೊರಬರಲು ಜಾಗ ಉಳಿಸಬೇಕು ಎಂಬುದು ಕೈಗೆ ರೂಢಿಯಾಗುತ್ತದೆ. ಅನಂತರ ಬಟ್ಟೆಗೆ ಬರುವಾಗ ಒಂದೂವರೆ ಅಡಿಯಷ್ಟರ ಸಣ್ಣ ಕ್ವಿಲ್ಟನ್ನು ಆರಿಸಿಕೊಳ್ಳುವುದಕ್ಕೆ ಸ್ಪಷ್ಟ ಕಾರಣವಿದೆ: ಮನೆಯ ಯಂತ್ರದ ತೋಳಿನ ಕೆಳಗಿರುವ ಜಾಗ ಇಕ್ಕಟ್ಟಾದದ್ದು, ಅದರೊಳಗೆ ಸುತ್ತಿ ತುರುಕಿದ ದೊಡ್ಡ ಹೊದಿಕೆಯ ಭಾರವೇ ಕೈಯನ್ನು ಎಳೆದು ಗೆರೆಯನ್ನು ಕೆಡಿಸುತ್ತದೆ. ಸಣ್ಣ ಕ್ವಿಲ್ಟಿನಲ್ಲಿ ಗಮನವೆಲ್ಲ ಕೈಯ ಲಯದ ಮೇಲೆ ನಿಲ್ಲುತ್ತದೆ. ಕೆಳದಾರವನ್ನು ಮೇಲಕ್ಕೆಳೆದುಕೊಂಡು, ಒಂದೆರಡು ಕಿರುಹೊಲಿಗೆಗಳಿಂದ ಅದನ್ನು ಭದ್ರಪಡಿಸಿ, ನೋಟವನ್ನು ಸೂಜಿಯ ಮೇಲೆ ಕೀಲಿಸದೆ ಗೆರೆ ಮುಂದೆ ಸಾಗಬೇಕಾದ ಜಾಗದ ಮೇಲಿಟ್ಟು ಹೊಲಿಯಬೇಕು. ತಿರುವಿನಲ್ಲಿ ಕೈ ಅವಸರಿಸಿದರೆ ಮೇಲಿನ ದಾರ ಹಿಂಬದಿಗೆ ಜಗ್ಗಿ ಕುಣಿಕೆಗಳಾಗಿ ಕಾಣುತ್ತದೆ. ಒಂದೆಡೆ ಒತ್ತಾಗಿ ಇನ್ನೊಂದೆಡೆ ವಿರಳವಾಗಿ ತುಂಬಿದರೆ, ಒತ್ತಾದ ಭಾಗ ಕುಗ್ಗಿ ವಿರಳವಾದ ಭಾಗ ಉಬ್ಬಿ ಕ್ವಿಲ್ಟು ಸಮತಟ್ಟಾಗಿ ಕೂರುವುದಿಲ್ಲ.

ಹೀಗೆ ಹೊಲಿದ ಸಣ್ಣ ಕ್ವಿಲ್ಟಿನಲ್ಲಿ ಕಲಿಕೆಯ ಇಡೀ ಕ್ರಮ ಅಳಿಸಲಾಗದಂತೆ ದಾಖಲಾಗುತ್ತದೆ. ಆರಂಭದ ಮೂಲೆಯಲ್ಲಿ ಉದ್ದಗಿಡ್ಡವಾಗಿ ತಡವರಿಸಿದ ಹೊಲಿಗೆಗಳೂ ಕೊನೆಯ ಮೂಲೆಯಲ್ಲಿ ಸಮನಾಗಿ ಹರಿದ ಹೊಲಿಗೆಗಳೂ ಒಂದೇ ದಾರದ ಎರಡು ತುದಿಗಳಾಗಿ ಉಳಿಯುತ್ತವೆ. ಅವುಗಳ ನಡುವಿನ ಗೆರೆಯನ್ನು ಬೆರಳಿನಿಂದ ಸವರುತ್ತ ಹೋದರೆ, ಕೈ ದಾರಿಯನ್ನು ಕಂಡುಕೊಂಡ ಜಾಗ ಯಾವುದೆಂಬುದನ್ನು ಮುಟ್ಟಿಯೇ ಗುರುತಿಸಬಹುದು.