ಎದುರುಹರಿವು

ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸುವ ಗೆಳೆಯರೊಬ್ಬರು ಕನ್ನಡದಲ್ಲಿ ಶರೀರಶಾಸ್ತ್ರದ ಪುಸ್ತಕವೊಂದನ್ನು ಬರೆಯುತ್ತಿದ್ದಾರೆ. ಪಾರಿಭಾಷಿಕ ಪದಗಳು ಬೇಕಾದಾಗಲೆಲ್ಲ ಅಧ್ಯಾಪಕರ ಕೊಠಡಿಯಲ್ಲಿ ನನ್ನ ಮೇಜಿನ ಬಳಿಗೆ ಬರುವುದು ಅವರ ರೂಢಿ. ಕೆಲವು ತಿಂಗಳ ಹಿಂದೆ ಒಂದು ಮಧ್ಯಾಹ್ನ ಬಂದವರು, “ಮೇಷ್ಟ್ರೇ, ಎರಡು ಪ್ರವಾಹಗಳು ಅಕ್ಕಪಕ್ಕದಲ್ಲಿಯೇ ಒಂದಕ್ಕೊಂದು ವಿರುದ್ಧವಾಗಿ ಹರಿಯುತ್ತವೆ. ಇದಕ್ಕೊಂದು ಮಾತು ಕೊಡಿ” ಎಂದರು. “ಪ್ರತಿಪ್ರವಾಹ” ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. “ಹುಡುಗರ ನಾಲಗೆಗೆ ಒಗ್ಗುವಂಥದು ಬೇಕು” ಎಂದರು. “ಎಲ್ಲಿ ಹರಿಯುತ್ತವೆ ಈ ಪ್ರವಾಹಗಳು?” ಎಂದು ಕೇಳಿದೆ. “ಮೂತ್ರಪಿಂಡದಲ್ಲಿ” ಎಂದು ಉತ್ತರ ಬಂತು.

ಸಾಹಿತ್ಯದ ಪುಟದಲ್ಲಿ ಮೂತ್ರದ ಮಾತೇ ಎಂದು ಓದುಗರು ಮೂಗು ಮುರಿಯಬಾರದು. ಮೊದಲು ಮುರಿದವನು ನಾನೇ. ಆದರೆ ಅರ್ಥವನ್ನು ತಿಳಿಯದೆ ಪದವನ್ನು ಕೊಡುವುದು ಹೇಗೆ? ಗೆಳೆಯರು ತಂದುಕೊಟ್ಟ ಪುಸ್ತಕಗಳನ್ನು ರಾತ್ರಿಗಳಲ್ಲಿ ಓದುತ್ತ ಹೋದೆ. ಪದ ಸಿಕ್ಕುವ ಮೊದಲು ಅಲ್ಲಿ ನನಗೆ ಒಬ್ಬ ವ್ಯಕ್ತಿ ಸಿಕ್ಕಿದರು. ಆಕೆಯ ಹೆಸರು ಬೋಡಿಲ್ ಶ್ಮಿಟ್-ನೀಲ್ಸನ್.

ಬೋಡಿಲ್ ಹುಟ್ಟಿದ್ದು 1918ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ. ತಂದೆ ಆಗಸ್ಟ್ ಕ್ರೋಗ್. ರಕ್ತದ ಲೋಮನಾಳಗಳ ಕಾರ್ಯವನ್ನು ಕುರಿತ ಸಂಶೋಧನೆಗಾಗಿ 1920ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು. ತಾಯಿ ಮೇರಿ ಕ್ರೋಗ್ ವೈದ್ಯೆ, ಸ್ವತಃ ಸಂಶೋಧಕಿ. ಮೇರಿಗೆ ಮಧುಮೇಹವಿತ್ತು. 1922ರಲ್ಲಿ ದಂಪತಿಗಳು ಅಮೆರಿಕಕ್ಕೆ ಹೋಗಿದ್ದಾಗ, ಕೆನಡಾದ ಟೊರೊಂಟೊದಲ್ಲಿ ಆಗತಾನೆ ದೊರಕಿದ್ದ ಇನ್ಸುಲಿನ್ನನ್ನು ತಯಾರಿಸುವ ವಿದ್ಯೆಯನ್ನು ಆಗಸ್ಟ್ ಕ್ರೋಗ್ ತಮ್ಮ ನಾಡಿಗೆ ತಂದರು. ಮಗು ಬೋಡಿಲ್‌ಗೆ ಆಗ ನಾಲ್ಕು ವರ್ಷ. ಇಂಥ ಮನೆಯ ಮಗಳು ಓದಿದ್ದು ಮಾತ್ರ ದಂತವೈದ್ಯವನ್ನು. 1941ರಲ್ಲಿ ಆ ಪದವಿ ಕೈಸೇರಿತು. ಅಷ್ಟರಲ್ಲಿ ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ಶರೀರಶಾಸ್ತ್ರಜ್ಞರೊಡನೆ ವಿವಾಹವೂ ಆಗಿತ್ತು. ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಗಂಡಹೆಂಡಿರು ಅಮೆರಿಕಕ್ಕೆ ಹೋದರು. ಅಲ್ಲಿ ಆಕೆಯ ಬದುಕನ್ನು ತಿರುಗಿಸಿದ್ದು ಒಂದು ಇಲಿ.

ಅಮೆರಿಕದ ನೈಋತ್ಯ ಭಾಗದ ಮರುಭೂಮಿಯಲ್ಲಿ ಕಾಂಗರೂ ಇಲಿ ಎಂಬ ಪುಟ್ಟ ಪ್ರಾಣಿಯುಂಟು. ತೂಕ ಮೂವತ್ತೈದು ಗ್ರಾಂ ಇದ್ದೀತು. ಹಗಲೆಲ್ಲ ಬಿಲದ ತಂಪಿನಲ್ಲಿದ್ದು, ಇರುಳಿನಲ್ಲಿ ಹೊರಬಂದು ಒಣಬೀಜಗಳನ್ನು ಆರಿಸಿ ತಿನ್ನುತ್ತದೆ. ನೀರನ್ನು ಕುಡಿಯುವುದೇ ಇಲ್ಲ. ಹಾಗಾದರೆ ಬದುಕುವುದು ಹೇಗೆ? ದಂಪತಿಗಳು ಗಾಳಿಮಾತಿಗೆ ಕಿವಿಗೊಡದೆ ಅಂಗಡಿಯವನು ಲೆಕ್ಕ ಬರೆಯುವಂತೆ ಜಮಾಖರ್ಚು ಬರೆದರು. ಈ ಇಲಿ ಸುಮಾರು ಒಂದು ತಿಂಗಳಿನಲ್ಲಿ 100 ಗ್ರಾಂ ಬಾರ್ಲಿಯನ್ನು ತಿನ್ನುತ್ತದೆ. ಆ ಕಾಳು ದೇಹದಲ್ಲಿ ದಹಿಸುವಾಗ ಹುಟ್ಟುವ ನೀರು 54 ಗ್ರಾಂ. ಕಾಳಿನಲ್ಲಿಯೇ ಅಡಗಿರುವ ತೇವ ಇನ್ನೊಂದು 6 ಗ್ರಾಂ. ಒಟ್ಟು ಜಮೆ 60. ಖರ್ಚಿನ ಕಡೆ ನೋಡಿದರೆ ಉಸಿರು ಮತ್ತು ಚರ್ಮದಿಂದ ಆವಿಯಾಗುವುದು ಸುಮಾರು 44, ಮಲದಲ್ಲಿ ಹೋಗುವುದು ಎರಡೂವರೆ, ಮೂತ್ರದಲ್ಲಿ ಹದಿಮೂರೂವರೆ. ಅಲ್ಲಿಗೂ ಅರುವತ್ತೇ! ಬಡವನ ಸಂಸಾರದಂತೆ, ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ.

ಈ ಲೆಕ್ಕ ಸರಿಹೋಗುವುದು ಮೂತ್ರ ಅಷ್ಟು ಸಾಂದ್ರವಾಗಿರುವುದರಿಂದ ಮಾತ್ರ. ಮನುಷ್ಯನ ಮೂತ್ರ ಅತ್ಯಂತ ಗಟ್ಟಿಯಾದಾಗ ಇರುವುದಕ್ಕಿಂತ ಸುಮಾರು ನಾಲ್ಕು ಪಟ್ಟು ಸಾಂದ್ರವಾದ ಮೂತ್ರವನ್ನು ಈ ಇಲಿ ಹೊರಹಾಕಬಲ್ಲದು. ಅದನ್ನು ಪರೀಕ್ಷಿಸಲು ಆಕೆಯೂ ಪತಿಯೂ ಇಲಿಗಳಿಗೆ ಸೋಯಾ ಕಾಳನ್ನು ಕೊಟ್ಟರು. ಸಸಾರಜನಕ ಹೆಚ್ಚಾಗಿರುವ ಆ ಕಾಳನ್ನು ತಿಂದರೆ ಯೂರಿಯಾ ಎಂಬ ಕಲ್ಮಷ ಹೆಚ್ಚುತ್ತದೆ, ಅದನ್ನು ಹೊರಹಾಕಲು ನೀರು ಬೇಕೇ ಬೇಕಾಗುತ್ತದೆ. ಕುಡಿಯಲು ಇಟ್ಟದ್ದು ಕಡಲ ನೀರು. ಮನುಷ್ಯ ಅದನ್ನು ಕುಡಿದರೆ ಬಾಯಾರಿಕೆ ಹೆಚ್ಚಿ ಸಾವಿನ ಕಡೆಗೇ ನಡೆದಾನು. ಇಲಿಗಳಾದರೋ ಕಡಲ ನೀರನ್ನು ಕುಡಿದು ಸುಖವಾಗಿದ್ದವು. ಈ ಪ್ರಯೋಗದ ವರದಿ 1950ರಲ್ಲಿ ಪ್ರಕಟವಾಯಿತು.

ಇಲ್ಲಿಂದ ಮುಂದಿನ ಪ್ರಶ್ನೆ ಕಠಿನವಾದದ್ದು. ಮೂತ್ರಪಿಂಡ ಈ ಕೆಲಸವನ್ನು ಮಾಡುವುದು ಹೇಗೆ? ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ರಕ್ತದಿಂದ ಸೋಸಿ ಇಳಿಸುವ ದ್ರವ ಸುಮಾರು 180 ಲೀಟರು. ಹೊರಗೆ ಹೋಗುವುದು ಒಂದೂವರೆ ಲೀಟರು. ಮಿಕ್ಕದ್ದೆಲ್ಲ ಹಿಂದಿರುಗಿ ರಕ್ತವನ್ನೇ ಸೇರುತ್ತದೆ. ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಹತ್ತು ಲಕ್ಷದಷ್ಟು ಸೂಕ್ಷ್ಮನಾಳಗಳಿವೆ. ಒಂದೊಂದು ನಾಳವೂ ಹೊರಪದರದಿಂದ ಒಳತಿರುಳಿಗೆ ಇಳಿದು, ಹೆಣೆಪಿನ್ನಿನಂತೆ ತಿರುಗಿ, ಮತ್ತೆ ಮೇಲಕ್ಕೆ ಏರುತ್ತದೆ. 1862ರಲ್ಲಿ ಇದನ್ನು ವಿವರಿಸಿದ ಜರ್ಮನ್ ವಿದ್ವಾಂಸರ ಹೆಸರಿನಿಂದ ಇದಕ್ಕೆ ಹೆನ್ಲೆಯ ಕುಣಿಕೆ ಎಂದು ಹೆಸರಾಯಿತು. ಆದರೆ ನಾಳ ಹೀಗೆ ಇಳಿದು ಏರುವುದೇಕೆ ಎಂಬುದು ಬಹುಕಾಲ ಒಗಟಾಗಿಯೇ ಉಳಿದಿತ್ತು.

ಒಗಟನ್ನು ಬಿಡಿಸಿದವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ರಸಾಯನ ವಿಜ್ಞಾನಿ ವರ್ನರ್ ಕೂನ್. 1942ರಲ್ಲಿಯೇ ಅವರು ಆ ಊಹೆಯನ್ನು ಮುಂದಿಟ್ಟಿದ್ದರು. ಕುಣಿಕೆಯ ಎರಡು ಕಾಲುಗಳಲ್ಲಿ ದ್ರವ ಎದುರುಬದುರಾಗಿ ಹರಿಯುತ್ತದೆ. ಏರುವ ಕಾಲು ಉಪ್ಪನ್ನು ಹೊರಕ್ಕೆ ತಳ್ಳುತ್ತದೆ, ನೀರನ್ನು ಬಿಡುವುದಿಲ್ಲ. ಆ ಉಪ್ಪಿನಿಂದ ಇಳಿಯುವ ಕಾಲಿನ ದ್ರವ ಕೊಂಚ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ತಿರುಗಿ ಏರುವ ಕಾಲಿಗೇ ಬರುತ್ತದೆ. ಅಲ್ಲಿ ಮತ್ತಷ್ಟು ಉಪ್ಪು ಹೊರಬೀಳುತ್ತದೆ. ಒಂದು ಮಟ್ಟದಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ. ಆದರೆ ಹನಿಗೂಡಿ ಹಳ್ಳವಾಗುವಂತೆ, ಕುಣಿಕೆಯ ಉದ್ದಕ್ಕೂ ಅದು ಗುಣಿಸುತ್ತ ಹೋಗಿ, ಒಳತಿರುಳಿನ ತುದಿಯನ್ನು ಮುಟ್ಟುವಷ್ಟರಲ್ಲಿ ಬಹಳ ದೊಡ್ಡದಾಗುತ್ತದೆ. ಕೊನೆಗೆ ಮೂತ್ರವನ್ನು ಹೊತ್ತ ಸಂಗ್ರಾಹಕ ನಾಳ ಈ ಉಪ್ಪಿನ ನಡುವೆಯೇ ಇಳಿಯಬೇಕು. ಉಪ್ಪಿನಕಾಯಿಗೆಂದು ಉಪ್ಪು ಬೆರಸಿಟ್ಟ ಮಾವಿನ ಹೋಳುಗಳು ಬೆಳಗಾಗುವಷ್ಟರಲ್ಲಿ ನೀರು ಬಿಟ್ಟಿರುವುದನ್ನು ನೋಡದವರಾರು? ಹಾಗೆಯೇ ನಾಳದೊಳಗಿನ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ, ಒಳಗೆ ಮೂತ್ರ ಗಟ್ಟಿಯಾಗುತ್ತದೆ.

1951ರಲ್ಲಿ ಹೈನ್ರಿಕ್ ವಿರ್ಟ್ಸ್ ಮತ್ತು ಸಂಗಡಿಗರು ಇಲಿಯ ಮೂತ್ರಪಿಂಡದ ತೆಳುಬಿಲ್ಲೆಗಳನ್ನು ಹೆಪ್ಪುಗಟ್ಟಿಸಿ, ಮಂಜಿನ ಹರಳು ಕರಗುವ ಬಿಂದುವನ್ನು ಅಳೆದು, ತುದಿಯ ಕಡೆಗೆ ಹೋದಂತೆಲ್ಲ ಸಾಂದ್ರತೆ ಏರುವುದನ್ನು ತೋರಿಸಿದರು. ಆದರೂ ಆ ಕ್ಷೇತ್ರದ ಹಿರಿಯರು ಒಡನೆಯೇ ನಂಬಲಿಲ್ಲ. 1959ರಲ್ಲಿ ನಾರ್ತ್ ಕೆರೊಲಿನಾದ ಕಾರ್ಲ್ ಗಾಟ್ಸ್‌ಚಾಕ್ ಮತ್ತು ಮಾರ್ಗರೆಟ್ ಮಿಲ್ ಅವರು ಗಾಜಿನ ಸೂಕ್ಷ್ಮಸೂಜಿಯಿಂದ ಕುಣಿಕೆಯ ದ್ರವವನ್ನೇ ಹೀರಿ ಅಳೆದ ಮೇಲೆ ವಿವಾದ ಬಹುಮಟ್ಟಿಗೆ ಅಡಗಿತು.

ಆಗ ಬೋಡಿಲ್ ಇದ್ದದ್ದು ಅದೇ ನಾಡಿನ, ಸಮೀಪದ ಊರಾದ ಡರಮ್‌ನಲ್ಲಿ, ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ. ಮಹತ್ತಾದ ಕಲ್ಪನೆ ಇನ್ನೊಬ್ಬರದು. ಅದನ್ನು ಕಂಡು ಆಕೆ ಮುನಿಯಲಿಲ್ಲ, ಕೈಕಟ್ಟಿ ಕೂರಲೂ ಇಲ್ಲ; ತಾವು ಬಲ್ಲ ದಾರಿಯಿಂದ, ಎಂದರೆ ಪ್ರಾಣಿಗಳನ್ನೇ ಕೇಳುವ ದಾರಿಯಿಂದ, ಅದನ್ನು ಒರೆಗೆ ಹಚ್ಚಿದರು. ಕುಣಿಕೆ ಉದ್ದವಾದಷ್ಟೂ ಮೂತ್ರ ಸಾಂದ್ರವಾಗಬೇಕಲ್ಲವೆ? ಜೀವಮಾನವೆಲ್ಲ ಹೊಳೆಯಲ್ಲಿಯೇ ಕಳೆಯುವ ಬೀವರ್ ಎಂಬ ಪ್ರಾಣಿಯನ್ನು ನೋಡಿದರು. ಅದರ ಕುಣಿಕೆಗಳೆಲ್ಲ ಗಿಡ್ಡ, ಮೂತ್ರ ತೆಳು. ಮರಳುಗಾಡಿನ ಸ್ಯಾಮೊಮಿಸ್ ಎಂಬ ಇಲಿಯನ್ನು ನೋಡಿದರು. ಕುಣಿಕೆಗಳೆಲ್ಲ ನೀಳ, ಮೂತ್ರ ಅತಿಸಾಂದ್ರ. ನಡುವೆ ಮೊಲ. 1961ರಲ್ಲಿ ರಾಬರ್ಟಾ ಓಡೆಲ್ ಅವರೊಡನೆ ಪ್ರಕಟಿಸಿದ ಈ ಹೋಲಿಕೆ ಇಂದಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿದೆ.

ಆಕೆಯ ಇನ್ನೊಂದು ಹಟ ಯೂರಿಯಾವನ್ನು ಕುರಿತದ್ದು. ಅದು ನಾಳದ ಗೋಡೆಯ ಮೂಲಕ ತನ್ನಷ್ಟಕ್ಕೆ ತಾನೇ ಹಾದುಹೋಗುವ ಕಸ, ದೇಹಕ್ಕೆ ಅದರ ಮೇಲೆ ಅಂಕೆಯಿಲ್ಲ ಎಂಬುದು ಅಂದಿನ ಮತ. 1953-54ರಲ್ಲಿ ಸಂಸಾರಸಮೇತರಾಗಿ ಸಹಾರಾದ ಬೆನಿ ಅಬ್ಬೆಸ್ ಎಂಬ ಊರಿನಲ್ಲಿದ್ದು ದಂಪತಿಗಳು ಒಂಟೆಗಳನ್ನು ಅಭ್ಯಾಸ ಮಾಡಿದರು. ಮೇವಿನಲ್ಲಿ ಸಸಾರಜನಕ ಕಡಿಮೆಯಾದಾಗ ಒಂಟೆ ಯೂರಿಯಾವನ್ನು ಹೊರಕ್ಕೆ ಬಿಡದೆ ಹಿಡಿದಿಟ್ಟುಕೊಳ್ಳುತ್ತಿತ್ತು! ಕಸವೆಂದದ್ದು ಬರಗಾಲದಲ್ಲಿ ಧನವಾಗಿತ್ತು. ಯೂರಿಯಾದ ಚಲನೆಗೂ ದೇಹ ಕಡಿವಾಣ ಹಾಕಬಲ್ಲದು ಎಂದು ಆಕೆ ವಾದಿಸಿದರು. ಆ ವಾದದ ಎಲ್ಲ ವಿವರಗಳೂ ನಿಲ್ಲಲಿಲ್ಲ. ಆದರೆ ಯೂರಿಯಾವನ್ನು ಸಾಗಿಸುವುದಕ್ಕೆಂದೇ ಮೀಸಲಾದ ಪ್ರೋಟೀನೊಂದು ಇರುವುದು 1993ರಲ್ಲಿ ಸಿದ್ಧವಾಯಿತು.

1964ರಲ್ಲಿ ಕ್ಲೀವ್‌ಲೆಂಡಿನಲ್ಲಿ ಪ್ರಾಧ್ಯಾಪಕಿಯಾದರು, ದಾಂಪತ್ಯ ಮುರಿಯಿತು, ಕೆಲಸ ಮುರಿಯಲಿಲ್ಲ. 1887ರಲ್ಲಿ ಸ್ಥಾಪನೆಯಾದ ಅಮೆರಿಕದ ಶರೀರಶಾಸ್ತ್ರ ಸಂಘಕ್ಕೆ 1975ರಲ್ಲಿ ಅಧ್ಯಕ್ಷೆಯಾದರು. ಆ ಪೀಠದಲ್ಲಿ ಕುಳಿತ ಮೊದಲ ಸ್ತ್ರೀ ಆಕೆ. ಎಂಬತ್ತೆಂಟು ವರ್ಷ ಬೇಕಾಯಿತು!

ಇಷ್ಟಾದರೂ ಒಂದು ಮುಳ್ಳು ಉಳಿದೇ ಇತ್ತು. ಉಪ್ಪನ್ನು ತಳ್ಳುವ ಶಕ್ತಿ ಇರುವುದು ಏರುವ ಕಾಲಿನ ದಪ್ಪನಾದ ಮೇಲ್ಭಾಗಕ್ಕೆ. ತೀರ ಒಳಗಿನ ತಿರುಳಿನಲ್ಲಿ ಆ ಕಾಲು ತೆಳ್ಳಗಾಗಿದೆ, ಅಲ್ಲಿ ಅಂಥ ಶಕ್ತಿ ಕಾಣದು. ಆದರೂ ಸಾಂದ್ರತೆ ಅತ್ಯಂತ ಹೆಚ್ಚಾಗಿರುವುದು ಅಲ್ಲಿಯೇ. ಮೇನ್ ರಾಜ್ಯದ ಕಡಲತಡಿಯ ಪ್ರಯೋಗಶಾಲೆಯೊಂದರಲ್ಲಿ ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಮೂತ್ರಪಿಂಡವನ್ನು ಜೀವಂತವಾಗಿ ನೋಡುತ್ತ ಬೋಡಿಲ್ ಒಂದು ಸಂಗತಿಯನ್ನು ಗಮನಿಸಿದರು. ಮೂತ್ರ ಬಂದು ಬೀಳುವ ಕುಹರದ ಗೋಡೆ ಸುಮ್ಮನಿರುವುದಿಲ್ಲ. ಹಾಲು ಕರೆಯುವ ಕೈ ಕೆಚ್ಚಲನ್ನು ಹಿಂಡುವಂತೆ, ಅಲೆಯಲೆಯಾಗಿ ಒಳತಿರುಳಿನ ತುದಿಯನ್ನು ಹಿಂಡುತ್ತದೆ. ಈ ಹಿಂಡುವಿಕೆಗೂ ಸಾಂದ್ರತೆಗೂ ಸಂಬಂಧವಿರಬಹುದೆ? ಅಮೆರಿಕದ ಶರೀರಶಾಸ್ತ್ರ ಸಂಘದಲ್ಲಿ ತಂದೆಯ ಹೆಸರಿನಲ್ಲಿ ನಡೆಯುವ ಆಗಸ್ಟ್ ಕ್ರೋಗ್ ಉಪನ್ಯಾಸವನ್ನು ಮಗಳೇ ಕೊಟ್ಟರು. 1995ರಲ್ಲಿ ಅದು ಅಚ್ಚಾಯಿತು. ಹಳೆಯ ಗೆಲವುಗಳ ನೆನಪನ್ನು ಹೇಳಿ ಚಪ್ಪಾಳೆ ಪಡೆಯಬಹುದಾಗಿದ್ದ ಆ ವೇದಿಕೆಯಲ್ಲಿ ಆಕೆ ಮಂಡಿಸಿದ್ದು, ಒತ್ತಡದ ಪಾತ್ರವನ್ನು ಕುರಿತ ಹೊಸದೊಂದು ಊಹೆಯನ್ನು. ವಯಸ್ಸು ಎಪ್ಪತ್ತೈದನ್ನು ದಾಟಿತ್ತು. ತಾಯಿತಂದೆಯರ ಜೀವನಚರಿತ್ರೆಯನ್ನು ಪ್ರಕಟಿಸಿದ್ದೂ ಅದೇ 1995ರಲ್ಲಿ. 2015ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಳತಿರುಳಿನ ಆ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ದೊರಕಿಲ್ಲ.

ಇದನ್ನು ಓದಿ ಮುಗಿಸಿದ ರಾತ್ರಿ ನನ್ನ ಪಾಠದ ಟಿಪ್ಪಣಿಗಳನ್ನು ತೆಗೆದು ನೋಡಿದೆ. ಹದಿನೆಂಟು ವರ್ಷದ ಹಿಂದೆ ಬರೆದವು, ಅಂಚುಗಳು ಹಳದಿಯಾಗಿವೆ. ಹಳಗನ್ನಡದ ಒಂದು ಪದ್ಯದ ಪಕ್ಕದಲ್ಲಿ ನಾನೇ ಅಂದು ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಯೊಂದಿತ್ತು. ಅದರ ಅರ್ಥ ನನಗೆ ಅಂದೂ ಹೊಂದಿರಲಿಲ್ಲ, ಇಂದೂ ಹೊಂದಿಲ್ಲ. ಆದರೂ ವರ್ಷವರ್ಷವೂ ತರಗತಿಯಲ್ಲಿ ರೂಢಿಯ ಅರ್ಥವನ್ನೇ ಹೇಳಿ ಮುಂದಿನ ಪದ್ಯಕ್ಕೆ ದಾಟುತ್ತಿದ್ದೇನೆ. ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ನನಗೇ ಹಿಂದಿರುಗಿಸುತ್ತಾರೆ. ನಾನು ಅಂಕ ಕೊಡುತ್ತೇನೆ.

ಮರುದಿನ ಗೆಳೆಯರಿಗೆ “ಎದುರುಹರಿವು” ಎಂಬ ಪದವನ್ನು ಕೊಟ್ಟೆ. ಎರಡು ಸಲ ಉಚ್ಚರಿಸಿ ನೋಡಿ, “ಆಗಬಹುದು” ಎಂದು ಬರೆದುಕೊಂಡರು. ಆಮೇಲೆ ತರಗತಿಗೆ ಹೋಗಿ ಆ ಪದ್ಯವನ್ನು ಓದಿದೆ. ಇದರ ಅರ್ಥ ನನಗೆ ಸರಿಯಾಗಿ ತಿಳಿಯದು ಎಂದು ಹೇಳಿದೆ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಬಳಿಕ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, “ಹಾಗಾದರೆ ಸರ್, ಎರಡನೆಯ ಸಾಲನ್ನು ಮೊದಲು ಓದಿ ನೋಡೋಣವೆ?” ಎಂದಳು. ಗಂಟೆ ಬಾರಿಸುವವರೆಗೂ ನಾವು ಆ ಒಂದು ಪದ್ಯವನ್ನು ಬಿಡಲಿಲ್ಲ.