ರೇಡ್ ಕಾರ್ಡು ಕೊಳ್ಳುವ ಮುನ್ನ

ಸಂಬಳದ ಪಟ್ಟಿ, ಬಾಕಿಯ ಖಾತೆ ಎಲ್ಲವೂ ಈಗ ಸರ್ವರಿನಲ್ಲಿವೆ. ಡಿಸ್ಕು ಕೆಟ್ಟು ಖಾತೆ ಹೋದರೆ ಮೊದಲು ಉತ್ತರ ಹೇಳಬೇಕಾದವರು ಗುಮಾಸ್ತರಾದ ನಾವೇ.

ಇದಕ್ಕಾಗಿ ಒಂದೇ ಲೆಕ್ಕವನ್ನು ಎರಡು ಡಿಸ್ಕುಗಳಲ್ಲಿ ಬರೆದಿಡುವ ಪದ್ಧತಿಯುಂಟು. ಇಂಥ ಏರ್ಪಾಡುಗಳಿಗೆ ರೇಡ್ ಎಂಬ ಹೆಸರನ್ನು ರೂಢಿಗೆ ತಂದದ್ದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬವರು 1988ರಲ್ಲಿ ಪ್ರಕಟಿಸಿದ ಲೇಖನ. ಈ ಕೆಲಸ ನಡೆಸುವ ಕಾರ್ಡನ್ನು ಆರಿಸುವಾಗ ಮೂರು ಸಂಗತಿಗಳನ್ನು ನೋಡಬೇಕು.

ಒಂದು, ಕರೆಂಟು. ವೇಗಕ್ಕಾಗಿ ಕಾರ್ಡು ಬರಹವನ್ನು ಮೊದಲು ತನ್ನ ಮೆಮೊರಿಯಲ್ಲಿ ಹಿಡಿದು, ಬಳಿಕ ಡಿಸ್ಕಿಗೆ ಇಳಿಸುತ್ತದೆ. ಅಷ್ಟರಲ್ಲಿ ಕರೆಂಟು ಹೋದರೆ ಅದನ್ನು ಉಳಿಸುವುದು ಕಾರ್ಡಿನ ಬ್ಯಾಟರಿ ಅಥವಾ ಕೆಪಾಸಿಟರು. ಅದಿಲ್ಲದ ಕಾರ್ಡು ಅಗ್ಗವೆಂದು ಮರುಳಾಗಬಾರದು.

ಎರಡು, ಬದಲಿ. ಡಿಸ್ಕು ಎರಡಾದರೂ ಕಾರ್ಡು ಒಂದೇ. ಅದು ಸುಟ್ಟರೆ ಬೇರೆ ಕಂಪನಿಯ ಕಾರ್ಡು ಆ ಡಿಸ್ಕುಗಳನ್ನು ಓದಲಾರದೆ ಹೋಗಬಹುದು. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಲ್ಲಿ ಬೆಲೆಗಿಂತ ಮೊದಲು, ಅದೇ ಮಾದರಿ ಮುಂದೆಯೂ ಸಿಕ್ಕುವುದೇ ಎಂದು ಕೇಳಬೇಕು.

ಮೂರು, ಎಚ್ಚರಿಕೆ. ಒಂದು ಡಿಸ್ಕು ಸತ್ತರೂ ಕೆಲಸ ಎಂದಿನಂತೆ ನಡೆಯುತ್ತದೆ, ಯಾರಿಗೂ ತಿಳಿಯದು. ಎರಡನೆಯದೂ ಹೋದ ದಿನವೇ ಅನಾಹುತ. ಆದಕಾರಣ ಕಾರ್ಡು ಕೂಗಿಯೋ, ಇ-ಮೇಲ್ ಕಳುಹಿಸಿಯೋ ತಿಳಿಸುವಂತಿರಬೇಕು.

ಆದರೂ ರೇಡ್ ಎಂಬುದು ನಕಲು ಪ್ರತಿಯಲ್ಲ. ತಪ್ಪಿ ಅಳಿಸಿದ ಲೆಕ್ಕ ಎರಡೂ ಡಿಸ್ಕುಗಳಿಂದ ಅಳಿಯುತ್ತದೆ. 2005ರ ಜುಲೈ 26ರ ಮಳೆ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು. ಪೊಯಿಸರ್ ನದಿ ಹರಿಯುವ ನಮ್ಮ ಕಾಂದಿವಲಿಯಲ್ಲಿ ನೆಲಮಾಳಿಗೆಯ ಸರ್ವರನ್ನು ಅಂಥ ನೀರಿನಿಂದ ಯಾವ ಕಾರ್ಡೂ ಕಾಯದು. ಪ್ರತಿ ವಾರ ಒಂದು ಪ್ರತಿ ತೆಗೆದು ಬೇರೆ ಊರಿನಲ್ಲೋ, ಬೇರೆ ಕಟ್ಟಡದ ಮೇಲ್ಮಹಡಿಯಲ್ಲೋ ಇಡೋಣ.