ಕಚೇರಿಯ ಕಂಪ್ಯೂಟರಿಗೆ ನೆಟ್‌ವರ್ಕ್ ಪ್ರಿಂಟರನ್ನು ಜೋಡಿಸುವಾಗ ಬರುವ ಪರವಾನಗಿಯ ತೊಡಕು

ಹೊಲ, ಎತ್ತು, ಬೀಜಗಳಂತೆ ಕಾಗದವೂ ಈಗ ಒಕ್ಕಲುತನದ ಒಂದು ಸಾಧನವಾಗಿದೆ. ಸಾಲ ಪಡೆಯುವದಕ್ಕೆ, ಬೆಳೆಯ ವಿಮೆ ಮಾಡಿಸುವದಕ್ಕೆ, ವಾಟಣಿಯಾದ ಮೇಲೆ ಹಕ್ಕು ಬದಲಾಯಿಸಿಕೊಳ್ಳುವದಕ್ಕೆ ಪಹಣಿಯ ಉತಾರವು ಬೇಕಾಗುತ್ತದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಕಡೆಯ ಒಕ್ಕಲಿಗನು ಉತಾರಕ್ಕಾಗಿ ನಾಡಕಚೇರಿಗೆ ಹೋಗಲಿ, ಬೀಜಕ್ಕಾಗಿ ರೈತ ಸಂಪರ್ಕ ಕೇಂದ್ರಕ್ಕೆ ಹೋಗಲಿ, ಸಾಲದ ಪಾವತಿಗಾಗಿ ಸಹಕಾರಿ ಸಂಘಕ್ಕೆ ಹೋಗಲಿ, ಕೊನೆಗೆ ಅವನ ಕೈಗೆ ಕಾಗದವನ್ನು ಕೊಡತಕ್ಕದ್ದು ಪ್ರಿಂಟರ್ ಎಂಬ ಮುದ್ರಣಯಂತ್ರವೇ. ಆ ಯಂತ್ರವು ಕೆಟ್ಟಿರದೆ, ಮಸಿಯೂ ಕಾಗದವೂ ತೀರಿರದೆ, ಕೇವಲ “ನಿಮಗೆ ಪರವಾನಗಿ ಇಲ್ಲ” ಎಂಬರ್ಥದ ಇಂಗ್ಲಿಷ್ ವಾಕ್ಯವೊಂದು ಪರದೆಯ ಮೇಲೆ ಮೂಡಿ ಕೆಲಸವು ನಿಂತುಹೋಗುವದುಂಟು. ಆಗ ಹತ್ತು ಹರದಾರಿಯಿಂದ ಬಂದವನು ಬರಿಗೈಯಿಂದ ಹಿಂತಿರುಗಬೇಕಾಗುತ್ತದೆ.

ಈ ತೊಡಕಿನ ಸ್ವರೂಪವನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವದು ಎರಡು ಕಾರಣಗಳಿಂದ ಅವಶ್ಯವಾಗಿದೆ. ಸಂಘಗಳ ಆಡಳಿತ ಮಂಡಳಿಗಳಲ್ಲಿಯೂ ಗ್ರಾಮ ಪಂಚಾಯತಿಗಳಲ್ಲಿಯೂ ಕುಳಿತು ಯಂತ್ರಗಳ ಖರೀದಿಗೆ ಒಪ್ಪಿಗೆ ಕೊಡುವವರು ಅವರೇ, ಇದು ಒಂದು. ಗದ್ದಲದ ದಿನ ಆತುರದಿಂದ ಮಾಡಿದ ತಪ್ಪು ಪರಿಹಾರದಿಂದ ಅಪಾಯಕ್ಕೆ ಈಡಾಗತಕ್ಕ ಲೆಕ್ಕಪತ್ರಗಳೂ ಅವರವೇ; ಇದು ಎರಡನೆಯದು.

ಕೈಬರಹದಿಂದ ಕಂಪ್ಯೂಟರಿಗೆ

ಭಾರತದ ಮೊದಲನೆಯ ಕೃಷಿ ಸಹಕಾರಿ ಸಂಘವೆಂದು ಹೆಸರಾದದ್ದು ೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಹುಟ್ಟಿತು. ಆ ಕಾಲದಲ್ಲಿ ಸಂಘದ ಲೆಕ್ಕವೆಲ್ಲ ಕೈಬರಹದ ಖಾತೆಪುಸ್ತಕಗಳಲ್ಲಿಯೂ, ಊರ ಜಮೀನಿನ ಲೆಕ್ಕವು ಕುಲಕರ್ಣಿಯ ದಫ್ತರದಲ್ಲಿಯೂ ಇರುತ್ತಿತ್ತು. ದಫ್ತರವನ್ನು ಬಿಚ್ಚುವ ಅಧಿಕಾರವು ಯಾರಿಗಿದೆ, ತಿದ್ದುವ ಅಧಿಕಾರವು ಯಾರಿಗಿದೆ ಎಂಬುದು ಆಗಲೂ ಮುಖ್ಯವಾದ ಪ್ರಶ್ನೆಯೇ ಆಗಿತ್ತು.

ಈಗ ಆ ದಫ್ತರವು ಕಂಪ್ಯೂಟರಿನೊಳಗೆ ಸೇರಿದೆ. ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು ೬೭ ಲಕ್ಷ ಜಮೀನುದಾರರ ೨ ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಲ್ಲಿ ದಾಖಲೆಯನ್ನು ತಿದ್ದತಕ್ಕ ಅಧಿಕಾರಿಯು ಮೊದಲು ತನ್ನ ಬೆರಳಿನ ಗುರುತನ್ನು ಯಂತ್ರಕ್ಕೆ ತೋರಿಸಬೇಕೆಂಬ ಕಟ್ಟುಪಾಡನ್ನಿಟ್ಟರು. ೨೦೨೨ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರವು ದೇಶದ ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ೨,೫೧೬ ಕೋಟಿ ರೂಪಾಯಿಗಳ ಯೋಜನೆಗೆ ಮಂಜೂರಾತಿ ಕೊಟ್ಟಿತು. ಹೀಗೆ ಹಳ್ಳಿಯ ಸಂಘಕ್ಕೂ ಕಂಪ್ಯೂಟರು ಬಂದಿತು. ಅದರ ಬೆನ್ನಿಗೆ ಪ್ರಿಂಟರೂ, ಪ್ರಿಂಟರಿನೊಡನೆ ಈ ತೊಡಕೂ ಬಂದವು.

ಜೋಡಣೆಯ ಎರಡು ರೀತಿಗಳು

ಒಂದು ಕಚೇರಿಯಲ್ಲಿ ನಾಲ್ಕು ಕಂಪ್ಯೂಟರುಗಳಿದ್ದರೆ ನಾಲ್ಕು ಪ್ರಿಂಟರುಗಳನ್ನು ಕೊಳ್ಳುವದು ದುಂದುಗಾರಿಕೆ. ಒಂದೇ ಪ್ರಿಂಟರನ್ನು ಎಲ್ಲವೂ ಬಳಸುವಂತೆ ತಂತಿಯಿಂದಲೋ ತಂತಿಯಿಲ್ಲದೆಯೋ ಕೂಡಿಸುವದಕ್ಕೆ ನೆಟ್‌ವರ್ಕ್ ಜೋಡಣೆ ಎನ್ನುತ್ತಾರೆ. ಇದರಲ್ಲಿ ಎರಡು ರೀತಿಗಳಿವೆ. ಮೊದಲನೆಯದರಲ್ಲಿ ಪ್ರಿಂಟರಿಗೆ ತನ್ನದೇ ಆದ ಐ.ಪಿ. ವಿಳಾಸವಿದ್ದು, ಪ್ರತಿಯೊಂದು ಕಂಪ್ಯೂಟರು ಅದಕ್ಕೆ ನೇರವಾಗಿ ಕೆಲಸವನ್ನು ಕಳಿಸುತ್ತದೆ. ಎರಡನೆಯದರಲ್ಲಿ ಪ್ರಿಂಟರು ಒಂದು ಕಂಪ್ಯೂಟರಿಗೆ ಮಾತ್ರ ಕಟ್ಟಿರುತ್ತದೆ. ಉಳಿದವುಗಳು ಆ ಕಂಪ್ಯೂಟರಿನ ಮುಖಾಂತರ ಮುದ್ರಿಸುತ್ತವೆ. ಈ ಎರಡನೆಯ ರೀತಿಯಲ್ಲಿ ನಡುವಿನ ಕಂಪ್ಯೂಟರನ್ನು ಬಂದು ಮಾಡಿದರೆ ಯಾರ ಕೆಲಸವೂ ಸಾಗುವದಿಲ್ಲ. ಪರವಾನಗಿಯ ತೊಡಕುಗಳೂ ಇದರಲ್ಲಿಯೇ ಹೆಚ್ಚು.

ಯಾವ ರೀತಿಯಾದರೂ, ಆ ಪ್ರಿಂಟರಿನ ಭಾಷೆಯನ್ನು ಬಲ್ಲ ‘ಡ್ರೈವರ್’ ಎಂಬ ಒಂದು ಕಾರ್ಯಕ್ರಮವು ಕಂಪ್ಯೂಟರಿನಲ್ಲಿರಬೇಕು. ಪ್ರಿಂಟರನ್ನು ಜೋಡಿಸುವದೆಂದರೆ ಮುಖ್ಯವಾಗಿ ಈ ಡ್ರೈವರನ್ನು ಒಳಗೆ ಸೇರಿಸುವದು. ಪರವಾನಗಿಯ ಪ್ರಶ್ನೆ ಏಳುವದು ಇಲ್ಲಿಯೇ.

ಪರವಾನಗಿ ಏಕೆ ಬೇಕು

ಹಗೇವಿನ ಬಾಯಿ ಮುಚ್ಚಿದ್ದರೆ ಕಾಳು ಉಳಿಯುತ್ತದೆ. ಯಾರು ಬೇಕಾದರೂ ತೆರೆಯುವಂತಿದ್ದರೆ ಕಾಳಿನ ಭರವಸೆಯಿಲ್ಲ. ಕಂಪ್ಯೂಟರಿನ ಸಂಗತಿಯೂ ಇದೇ ಬಗೆಯದು. ವಿಂಡೋಸ್ ಕಂಪ್ಯೂಟರಿನಲ್ಲಿ ಮುದ್ರಣದ ಸರದಿಯನ್ನು ನೋಡಿಕೊಳ್ಳುವ ‘ಪ್ರಿಂಟ್ ಸ್ಪೂಲರ್’ ಎಂಬ ಸೇವೆಯು ಯಂತ್ರದ ಅತ್ಯುಚ್ಚ ಅಧಿಕಾರದಿಂದ ನಡೆಯುತ್ತದೆ. ಡ್ರೈವರು ಈ ಸೇವೆಯ ಒಳಗೇ ಹೋಗಿ ಕೂಡುತ್ತದೆ. ಆದಕಾರಣ ಡ್ರೈವರಿನ ವೇಷದಲ್ಲಿ ದುಷ್ಟ ಕಾರ್ಯಕ್ರಮವೊಂದು ಹೊಕ್ಕರೆ ಅದಕ್ಕೆ ತೆರೆಯದ ಬಾಗಿಲು ಆ ಕಂಪ್ಯೂಟರಿನಲ್ಲಿ ಉಳಿಯುವದಿಲ್ಲ.

ಇದು ಬರಿಯ ಊಹೆಯಲ್ಲ. ೨೦೧೦ರಲ್ಲಿ ಬೆಳಕಿಗೆ ಬಂದ ‘ಸ್ಟಕ್ಸ್‌ನೆಟ್’ ಎಂಬ ಕಂಪ್ಯೂಟರ್ ಹುಳವು ಒಂದರಿಂದ ಇನ್ನೊಂದು ಯಂತ್ರಕ್ಕೆ ಹರಡುವದಕ್ಕೆ ಬಳಸಿದ ದಾರಿಗಳಲ್ಲಿ ಈ ಸ್ಪೂಲರಿನ ದೋಷವೂ ಒಂದಾಗಿತ್ತು. ೨೦೨೧ರ ಜೂನ್ ತಿಂಗಳ ಕೊನೆಗೆ ‘ಪ್ರಿಂಟ್‌ನೈಟ್‌ಮೇರ್’ ಎಂದು ಹೆಸರಾದ ಇನ್ನೊಂದು ದೋಷವು ಬಯಲಿಗೆ ಬಂದಿತು. ಅದರಿಂದ ಸಾಮಾನ್ಯ ಹೆಸರಿನಿಂದ ಒಳಬಂದವನೂ ಡ್ರೈವರ್ ಸೇರಿಸುವ ನೆಪದಿಂದ ಇಡಿಯ ಯಂತ್ರದ ಒಡೆತನವನ್ನು ಪಡೆಯಬಹುದಾಗಿತ್ತು. ಮೈಕ್ರೋಸಾಫ್ಟ್ ಕಂಪನಿಯು ಆ ವರ್ಷದ ಜುಲೈ ತಿಂಗಳಲ್ಲಿ ತಿದ್ದುಪಡಿಯನ್ನು ಹೊರಡಿಸಿ, ೨೦೨೧ನೇ ಆಗಸ್ಟ್ ೧೦ರ ತಿದ್ದುಪಡಿಯಿಂದ ಪ್ರಿಂಟರಿನ ಡ್ರೈವರನ್ನು ಸೇರಿಸುವ ಹಕ್ಕು ಅಡ್ಮಿನಿಸ್ಟ್ರೇಟರನಿಗೆ, ಎಂದರೆ ಯಂತ್ರದ ಮೇಲ್ವಿಚಾರಕನಿಗೆ ಮಾತ್ರ ಇರತಕ್ಕದ್ದೆಂದು ಗೊತ್ತುಪಡಿಸಿತು. ಮುಂಚೆ ಗುಮಾಸ್ತನೇ ಸೇರಿಸಬಹುದಾಗಿದ್ದ ಪ್ರಿಂಟರನ್ನು ಅಂದಿನಿಂದ ಕಂಪ್ಯೂಟರು ತಡೆಯತೊಡಗಿತು. ಇದು ಯಂತ್ರದ ಹಟವಲ್ಲ, ಕಾವಲು.

ತೊಡಕನ್ನು ಗುರುತಿಸುವ ಕ್ರಮ

ಎಲ್ಲ ತಡೆಗಳೂ ಒಂದೇ ಜಾತಿಯವಲ್ಲ. ಪರದೆಯ ಮೇಲೆ ಬಂದ ಮಾತನ್ನೂ ದೋಷಸಂಖ್ಯೆಯನ್ನೂ ಇದ್ದಕ್ಕಿದ್ದಂತೆ ಬರೆದುಕೊಳ್ಳುವದೇ ಮೊದಲನೆಯ ಕೆಲಸ. ತರುವಾಯ ಕೆಳಗಿನಂತೆ ವಿಚಾರಿಸಬೇಕು.

ಒಂದನೆಯದು: ಡ್ರೈವರನ್ನು ಸೇರಿಸುವಾಗ ಅಡ್ಮಿನಿಸ್ಟ್ರೇಟರನ ಪಾಸ್‌ವರ್ಡನ್ನು ಕೇಳಿದರೆ, ಕೆಲಸ ಮಾಡುತ್ತಿರುವವನ ಹೆಸರಿಗೆ ಆ ಅಧಿಕಾರವಿಲ್ಲವೆಂದು ತಿಳಿಯಬೇಕು. ಮೇಲೆ ಹೇಳಿದ ೨೦೨೧ರ ಕಟ್ಟುಪಾಡು ಇದೇ.

ಎರಡನೆಯದು: ‘ಆಕ್ಸೆಸ್ ಡಿನೈಡ್’ ಎಂದು ಬಂದು, ಸಂಖ್ಯೆಯ ಕೊನೆಗೆ ೫ ಇದ್ದರೆ, ಪ್ರಿಂಟರಿನ ಭದ್ರತೆಯ ಪಟ್ಟಿಯಲ್ಲಿ ಆ ಬಳಕೆದಾರನಿಗೆ ಮುದ್ರಿಸುವ ಹಕ್ಕು ಇದೆಯೋ ಇಲ್ಲವೋ ನೋಡಬೇಕು. ಆ ಪಟ್ಟಿಯಲ್ಲಿ ಮುದ್ರಿಸುವ ಹಕ್ಕು, ಸರದಿಯಲ್ಲಿರುವ ಕಾಗದಗಳನ್ನು ನಿರ್ವಹಿಸುವ ಹಕ್ಕು, ಪ್ರಿಂಟರನ್ನೇ ನಿರ್ವಹಿಸುವ ಹಕ್ಕು ಎಂದು ಮುಖ್ಯವಾಗಿ ಮೂರು ವಿಧಗಳಿವೆ. ಗುಮಾಸ್ತನಿಗೆ ಮೊದಲನೆಯದು ಸಾಕು. ನಡುವಿನ ಕಂಪ್ಯೂಟರಿನ ಪಾಸ್‌ವರ್ಡನ್ನು ಬದಲಾಯಿಸಿ, ಉಳಿದ ಕಂಪ್ಯೂಟರುಗಳಲ್ಲಿ ಹಳೆಯದನ್ನೇ ಉಳಿಸಿದ್ದರೂ ಇಂಥ ತಡೆ ಬರುವದುಂಟು.

ಮೂರನೆಯದು: ಸಂಖ್ಯೆಯ ಕೊನೆಗೆ ‘೧೧ಬಿ’ ಎಂದಿದ್ದರೆ, ಪ್ರಿಂಟರನ್ನು ಹಂಚುವ ಕಂಪ್ಯೂಟರೂ ಅದನ್ನು ಬಳಸುವ ಕಂಪ್ಯೂಟರೂ ಸಮನಾಗಿ ತಿದ್ದುಪಡಿಗಳನ್ನು ಪಡೆದಿಲ್ಲವೆಂದು ಶಂಕಿಸಬೇಕು. ೨೦೨೧ರ ಸೆಪ್ಟೆಂಬರದ ತಿದ್ದುಪಡಿಯ ತರುವಾಯ ಅನೇಕ ಕಡೆಗೆ ಈ ಸಂಖ್ಯೆ ಕಾಣಿಸಿಕೊಂಡಿತು. ಒಂದು ಕಂಪ್ಯೂಟರು ಮಾತುಕತೆಯನ್ನು ಗುಪ್ತವಾಗಿಯೇ ನಡೆಸಬೇಕೆನ್ನುತ್ತದೆ, ಇನ್ನೊಂದಕ್ಕೆ ಆ ಗುಪ್ತಭಾಷೆ ಬರುವದಿಲ್ಲ. ಆದಕಾರಣ ವ್ಯವಹಾರ ಮುರಿಯುತ್ತದೆ.

ನಾಲ್ಕನೆಯದು: ಕರೆಂಟು ಹೋಗಿ ಬಂದ ಮೇಲೆ ಪ್ರಿಂಟರು ಕಾಣಿಸದೆಯೇ ಹೋದರೆ ಅದು ಪರವಾನಗಿಯ ತೊಡಕಲ್ಲ. ಪ್ರಿಂಟರಿಗೆ ಹೊಸ ವಿಳಾಸ ಸಿಕ್ಕಿರಬಹುದು. ಊರು ಬಿಟ್ಟವನಿಗೆ ಹಳೆಯ ಮನೆಯ ವಿಳಾಸಕ್ಕೆ ಕಾಗದ ಬರೆದಂತೆ ಕಂಪ್ಯೂಟರು ಹಳೆಯ ವಿಳಾಸಕ್ಕೇ ಕಳಿಸುತ್ತಿರುತ್ತದೆ. ಪ್ರಿಂಟರಿಗೆ ಒಂದೇ ವಿಳಾಸವನ್ನು ಕಾಯಂ ಮಾಡಿಸಿದರೆ ಇದು ಮರುಕಳಿಸುವದಿಲ್ಲ.

ಸರಿಯಾದ ಪರಿಹಾರ

ಅಧಿಕಾರವುಳ್ಳವನು ಒಮ್ಮೆ ಬಂದು, ಎಲ್ಲರ ಸಲುವಾಗಿ ಕೆಲಸವನ್ನು ಪೂರ್ತಿಗೊಳಿಸಿ ಹೋಗುವದೇ ಸರಿಯಾದ ಪರಿಹಾರ. ಆತನು ಅಡ್ಮಿನಿಸ್ಟ್ರೇಟರನ ಹೆಸರಿನಿಂದ ಒಳಹೊಕ್ಕು, ಪ್ರಿಂಟರನ್ನು ತಯಾರಿಸಿದ ಕಂಪನಿಯ ಸ್ವಂತ ತಾಣದಿಂದಲೇ ಡ್ರೈವರನ್ನು ತರಿಸಬೇಕು. ಪ್ರಿಂಟರಿಗೆ ಕಾಯಂ ವಿಳಾಸವನ್ನು ಕೊಟ್ಟು, ಆ ಕಂಪ್ಯೂಟರಿನ ಎಲ್ಲ ಬಳಕೆದಾರರಿಗೂ ಅದು ದೊರೆಯುವಂತೆ ಜೋಡಿಸಬೇಕು. ಬಳಿಕ ಅಡ್ಮಿನಿಸ್ಟ್ರೇಟರನ ಹೆಸರಿನಿಂದ ಹೊರಬಿದ್ದು, ಗುಮಾಸ್ತನ ಸಾಮಾನ್ಯ ಹೆಸರಿನಿಂದ ಒಂದು ಪರೀಕ್ಷೆಯ ಪುಟವನ್ನು ಮುದ್ರಿಸಿ ನೋಡಬೇಕು. ಈ ಕೊನೆಯ ಹೆಜ್ಜೆಯನ್ನು ಬಿಟ್ಟರೆ ಮರುದಿನ ತೊಡಕು ಮತ್ತೆ ತಲೆಯೆತ್ತುವ ಸಂಭವವುಂಟು. ಏಕೆಂದರೆ ಅಡ್ಮಿನಿಸ್ಟ್ರೇಟರನಿಗೆ ನಡೆದದ್ದು ಗುಮಾಸ್ತನಿಗೆ ನಡೆದೇ ತೀರುವದೆಂಬ ನಿಯಮವಿಲ್ಲ.

ಕಂಪ್ಯೂಟರುಗಳು ಬಹಳವಿದ್ದಲ್ಲಿ ಎಲ್ಲವನ್ನೂ ಒಂದು ಕೇಂದ್ರದ ಅಧೀನದಲ್ಲಿಟ್ಟು, ಒಪ್ಪಿಗೆ ಪಡೆದ ಪ್ರಿಂಟರುಗಳನ್ನು ಅಲ್ಲಿಂದಲೇ ಹಂಚುವ ಏರ್ಪಾಡು ಉತ್ತಮ. ಹೊಸ ಪ್ರಿಂಟರನ್ನು ಕೊಳ್ಳುವಾಗ, ವಿಂಡೋಸಿನಲ್ಲಿ ಮೊದಲೇ ಇರುವ ‘ಐ.ಪಿ.ಪಿ.’ ಎಂಬ ಸಾಮಾನ್ಯ ಡ್ರೈವರಿನಿಂದ ಅದು ನಡೆಯುವದೋ ಎಂದು ಕೇಳಿಕೊಳ್ಳಬೇಕು. ನಡೆಯುವದಾದರೆ ಹೊರಗಿನ ಡ್ರೈವರಿನ ಗೊಡವೆಯೇ ಬಹುಮಟ್ಟಿಗೆ ತಪ್ಪುತ್ತದೆ. ‘೧೧ಬಿ’ ತೊಡಕಿಗೆ ಎರಡೂ ಕಂಪ್ಯೂಟರುಗಳಿಗೆ ಸಮನಾಗಿ ತಿದ್ದುಪಡಿ ಕೊಡಿಸುವದೇ ಮದ್ದು. ವಿಂಡೋಸ್ ೧೦ಕ್ಕೆ ಸಾಮಾನ್ಯವಾದ ಬೆಂಬಲವು ೨೦೨೫ನೇ ಅಕ್ಟೋಬರ್ ೧೪ಕ್ಕೆ ಮುಗಿದದ್ದರಿಂದ, ಆ ಕಂಪ್ಯೂಟರುಗಳನ್ನು ಬದಲಿಸುವ ವಿಚಾರವನ್ನೂ ಸಂಘಗಳು ಮುಂದೂಡಬಾರದು.

ಮಾಡಬಾರದ ಕೆಲಸಗಳು

ಕಿಡಕಿಯ ಮುಂದೆ ಸರದಿ ಬೆಳೆದು ಜನರು ಕೂಗಾಡತೊಡಗಿದಾಗ ಸುಲಭೋಪಾಯಗಳು ಹೊಳೆಯುತ್ತವೆ. ಎಲ್ಲ ಗುಮಾಸ್ತರನ್ನೂ ಅಡ್ಮಿನಿಸ್ಟ್ರೇಟರರನ್ನಾಗಿ ಮಾಡುವದು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗೋಡೆಗೆ ಹಚ್ಚುವದು, ತಿದ್ದುಪಡಿಯನ್ನು ಕಿತ್ತುಹಾಕುವದು, ವಿಂಡೋಸಿನ ರಿಜಿಸ್ಟ್ರಿಯಲ್ಲಿ ಒಂದು ಅಂಕೆಯನ್ನು ತಿರುವಿ ಕಾವಲನ್ನು ಬಂದು ಮಾಡುವದು, ಕಂಡ ತಾಣದಿಂದ ಡ್ರೈವರನ್ನು ಇಳಿಸಿಕೊಳ್ಳುವದು ಇವೇ ಆ ಉಪಾಯಗಳು. ಇವುಗಳಿಂದ ಆ ದಿನದ ಕಾಗದವು ಹೊರಬರಬಹುದು. ಆದರೆ ಸಾಲದ ಲೆಕ್ಕ, ಠೇವಣಿಯ ಲೆಕ್ಕ, ಸದಸ್ಯರ ಆಧಾರ್ ಅಂಕೆಗಳು ಇರತಕ್ಕ ಕಂಪ್ಯೂಟರಿನ ಬಾಗಿಲು ಅಂದಿನಿಂದ ತೆರೆದೇ ಉಳಿಯುತ್ತದೆ. ಲೆಕ್ಕವನ್ನೇ ಗುಪ್ತಲಿಪಿಯಿಂದ ಮುಚ್ಚಿ ಬಿಡುಗಡೆಗೆ ಹಣ ಕೇಳುವ ದುಷ್ಟ ಕಾರ್ಯಕ್ರಮಗಳು ಇಂಥ ಬಾಗಿಲುಗಳನ್ನೇ ಹುಡುಕುತ್ತವೆ. ಒಂದು ದಿನದ ಸರದಿಯನ್ನು ಕರಗಿಸುವದಕ್ಕಾಗಿ ಹತ್ತು ವರ್ಷದ ಲೆಕ್ಕವನ್ನು ಪಣಕ್ಕೆ ಒಡ್ಡುವದು ಜಾಣತನವಲ್ಲ.

ಮುಖಂಡರು ವಹಿಸತಕ್ಕ ಎಚ್ಚರಿಕೆ

ಪ್ರತಿಯೊಂದು ಸಂಘವೂ ಪಂಚಾಯತಿಯೂ ಈ ಕೆಲಸಕ್ಕೆ ಒಂದು ಚಿಕ್ಕ ವಹಿಯನ್ನಿಡಬೇಕು. ಪ್ರಿಂಟರಿನ ಮಾದರಿ, ಅದರ ವಿಳಾಸ, ಡ್ರೈವರಿನ ಹೆಸರು, ಜೋಡಿಸಿದವನ ಹೆಸರು ಮತ್ತು ತಾರೀಖು ಅದರಲ್ಲಿರಬೇಕು. ಅಡ್ಮಿನಿಸ್ಟ್ರೇಟರನ ಪಾಸ್‌ವರ್ಡನ್ನು ಅರಗಿನ ಮುದ್ರೆಯ ಲಕೋಟೆಯಲ್ಲಿ ತಿಜೋರಿಯೊಳಗಿಟ್ಟು, ಬಿಚ್ಚಿದಾಗಲೆಲ್ಲ ವಹಿಯಲ್ಲಿ ಸಹಿ ಮಾಡಿ, ಕೆಲಸ ಮುಗಿದ ಮೇಲೆ ಅದನ್ನು ಬದಲಾಯಿಸಬೇಕು. ಪ್ರಿಂಟರ್ ಖರೀದಿಯ ಕರಾರಿನಲ್ಲಿ, ಎಲ್ಲ ಕಂಪ್ಯೂಟರುಗಳಿಗೂ ಜೋಡಿಸಿ ಗುಮಾಸ್ತನ ಹೆಸರಿನಿಂದ ಮುದ್ರಿಸಿ ತೋರಿಸಿದ ಮೇಲೆಯೇ ಹಣವನ್ನು ಸಲ್ಲಿಸತಕ್ಕದ್ದೆಂಬ ಷರತ್ತನ್ನು ಸೇರಿಸಬೇಕು.

ಮುಂಗಾರಿಯ ಬಿತ್ತಿಗೆಯೂ ವಿಮೆಯ ಗಡುವೂ ಬರುವ ಮುಂಚೆ, ಬೇಸಿಗೆಯಲ್ಲಿಯೇ ಈ ಪರೀಕ್ಷೆಯನ್ನು ಮುಗಿಸಿಕೊಳ್ಳುವದು ಲೇಸು. ಕೂರಿಗೆಯ ತಾಳುಗಳನ್ನು ಮಳೆ ಬಿದ್ದ ಮೇಲೆ ನೋಡುವ ಒಕ್ಕಲಿಗನಿಲ್ಲ. ಅಷ್ಟಾಗಿಯೂ ಕಚೇರಿಯ ಪ್ರಿಂಟರು ಕೈಕೊಟ್ಟರೆ, ಡಿಜಿಟಲ್ ಸಹಿಯುಳ್ಳ ಪಹಣಿಯನ್ನು ಅಂತರ್ಜಾಲದಿಂದ ಬೇರೆಡೆಯಲ್ಲಿ ಪಡೆದುಕೊಳ್ಳುವ ಅನುಕೂಲವೂ ಉಂಟು. ಆದುದರಿಂದ ಕಾವಲನ್ನು ಮುರಿಯೆಂದು ಗುಮಾಸ್ತನನ್ನು ಯಾರೂ ಒತ್ತಾಯಪಡಿಸಬಾರದು. ಪರವಾನಗಿ ಇಲ್ಲವೆಂದು ಕಂಪ್ಯೂಟರು ಹೇಳಿದಾಗ, ಪರವಾನಗಿಯುಳ್ಳವನನ್ನು ಕರೆಯಿಸುವದೇ ಊರಿನ ಹಿತಕ್ಕೆ ತಕ್ಕ ಮಾರ್ಗವೆಂಬುದನ್ನು ಮುಖಂಡರು ತಮ್ಮ ಸಭೆಗಳಲ್ಲಿ ಎಲ್ಲರಿಗೂ ತಿಳಿಸಿ ಹೇಳತಕ್ಕದ್ದು.